ಜ್ವಾಳ ಹೆಚ್ಯಾವ

“ನೂರಾ ಹದಿನಾಲ್ಕನೆಯ ಸಾಲು ತಪ್ಪು,” ಎಂದು ಮುಮತಾಜ ಇಂಗ್ಲಿಷಿನಲ್ಲಿ ಮೂರನೆಯ ಸಲ ಹೇಳಿದಳು. ಮೂರನೆಯ ಸಲವೂ ಡೀಟರ್ ಮರುಕದಿಂದ ತಲೆಯಾಡಿಸಿದನೇ ಹೊರತು ಪೆನ್ನು ಕೈಗೆತ್ತಿಕೊಳ್ಳಲಿಲ್ಲ.

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿದ್ದ ಫೋಟೋ ಸ್ಟುಡಿಯೋ ಅದು. ಒಳಗೆ ಇದ್ದವರು ಮೂವರೇ: ಸ್ಟುಡಿಯೋದ ಮಾಲಕ ಸಿಕಂದರ, ಅವನ ಹೆಂಡತಿ ಮುಮತಾಜ, ಹಿಂದಿನ ದಿನ ಪಶ್ಚಿಮ ಜರ್ಮನಿಯಿಂದ ಬಂದಿಳಿದಿದ್ದ ಡೀಟರ್. ಹೊಸ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವ ಬಣ್ಣದ ಪರದೆಗೆ ಬಿಳಿ ಚಾದರ ಹೊದಿಸಿ, ಬೆಳಗ್ಗೆ ಎಂಟಕ್ಕೇ ಬಾಗಿಲು ಹಾಕಿಕೊಂಡು, ಅವರು ಆಗಷ್ಟೇ ನಲವತ್ತು ನಿಮಿಷದ ಚಿತ್ರವನ್ನು ನೋಡಿ ಮುಗಿಸಿದ್ದರು. ಮೂವರೂ ಸೇರಿ ಮಾಡಿದ ಚಿತ್ರ. ಹಾಗಂತ ಸಿಕಂದರ ಮತ್ತು ಮುಮತಾಜ ಎರಡು ವರ್ಷದಿಂದ ನಂಬಿದ್ದರು.

ಎಪ್ಪತ್ಮೂರರ ದೀಪಾವಳಿಯಿಂದ ಮುಂದಿನ ಸುಗ್ಗಿಯ ತನಕ, ನಾಲ್ಕು ತಿಂಗಳು, ಅವರು ಟಿಕೋಟಾದ ಗುರುಬಾಯಿ ಎಂಬ ಹೆಂಗಸಿನ ಅಡುಗೆಮನೆಯನ್ನು ಚಿತ್ರಿಸಿದ್ದರು. ಕ್ಯಾಮರಾ ಒಂದು ದಿನ ಡೀಟರನ ಹೆಗಲ ಮೇಲೆ, ಒಂದು ದಿನ ಸಿಕಂದರನ ಹೆಗಲ ಮೇಲೆ. ಧ್ವನಿಯ ಕೆಲಸವೆಲ್ಲ ಮುಮತಾಜಳದು. ಗಂಡಸರು ಒಲೆಯ ಹತ್ತಿರ ಬಂದರೆ ಗುರುಬಾಯಿ ಸೆರಗು ಎಳೆದುಕೊಂಡು ಮೂಕಿಯಾಗುತ್ತಿದ್ದಳು. ಟೇಪ್ ರೆಕಾರ್ಡರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮುಮತಾಜ ಕೂತರೆ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತು. ಗಂಡಸರು ಬಾಗಿಲ ಹೊರಗಿನಿಂದ ಚಿತ್ರ ತೆಗೆಯುತ್ತಿದ್ದರು.

ಶುರುವಿಗೇ ಒಂದು ಕಾಗದವಾಗಿತ್ತು. ಸ್ಟುಡಿಯೋದ ಹೆಸರಿದ್ದ ಹಾಳೆಯ ಮೇಲೆ ಡೀಟರ್ ತಾನೇ ಟೈಪು ಮಾಡಿದ್ದ. ಮೂರೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ, ಒಟ್ಟಿಗೆ ಬರಬೇಕು. ಕಚ್ಚಾ ಜೋಡಣೆಯಾದ ಮೇಲೆ ಮೂವರೂ ನೋಡಬೇಕು. ಮೂವರೂ ಹೂಂ ಅನ್ನುವ ತನಕ ಚಿತ್ರ ಮುಗಿದಂತಲ್ಲ. “ಹೊರಗಿನಿಂದ ಬಂದವರು ಇಲ್ಲಿಯದನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ನಾನು ಆ ಜಾತಿಯವನಲ್ಲ,” ಎಂದು ಡೀಟರ್ ಹೇಳಿದ್ದ. ಸುಳ್ಳು ಹೇಳಿರಲಿಲ್ಲ, ಪಾಪ. ಇದೇ ಸ್ಟುಡಿಯೋದ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ, ರೊಟ್ಟಿ ಹಿಂಡಿ ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿದ್ದ, ನೂರಿನ್ನೂರು ಕನ್ನಡ ಶಬ್ದ ಕಲಿತಿದ್ದ.

ಕಚ್ಚಾ ಪ್ರತಿಯನ್ನು ಅವನು ಡಬ್ಬಿಯಲ್ಲಿ ಹಾಕಿ ಕಳಿಸಿದ್ದೂ ನಿಜ. ಆ ಡಬ್ಬಿ ಮುಂಬಯಿಯ ಸುಂಕದ ಕಚೇರಿಯಲ್ಲಿ ಸಿಕ್ಕಿಬಿದ್ದಿತು. ಸಿಕಂದರ ಐದು ಸಲ ಹೋಗಿಬಂದ. ಇದು ವಿದೇಶಿ ಚಿತ್ರವೋ, ದೇಶಿ ಚಿತ್ರವೋ ಎಂದು ಅಲ್ಲಿಯ ಗುಮಾಸ್ತ ಕೇಳಿದ. ವಿದೇಶಿಯಾದರೆ ತರಿಸಿಕೊಳ್ಳುವ ಪರವಾನಗಿ ಎಲ್ಲಿ? ದೇಶಿಯಾದರೆ ಹೊರಗಿನಿಂದ ಯಾಕೆ ಬಂತು? ಎರಡೂ ಹೌದು ಎಂದರೆ ಅಂಥ ಖಾನೆ ಅವನ ಅರ್ಜಿಯಲ್ಲಿ ಇರಲಿಲ್ಲ. ಎಂಟು ತಿಂಗಳಾದ ಮೇಲೆ ಡಬ್ಬಿ ಬಂದ ದಾರಿಯಲ್ಲೇ ಜರ್ಮನಿಗೆ ವಾಪಸು ಹೋಯಿತು. ಅಷ್ಟರಲ್ಲಿ ಅಲ್ಲಿಯ ಟೆಲಿವಿಷನ್‌ನವರು ತಾರೀಖು ಹಾಕಿಬಿಟ್ಟಿದ್ದರು. ಡೀಟರ್ ಒಬ್ಬನೇ ಕೂತು ಚಿತ್ರ ಮುಗಿಸಿದ.

ಮುಗಿಸಿದ ಚಿತ್ರವನ್ನು ಈಗ ಅವನೇ ಹೊತ್ತು ತಂದಿದ್ದ. ಮೊದಲಿಗೆ ಪರದೆಯ ತುಂಬ ಅವನ ಹೆಸರು. ಕೊನೆಗೆ, ಬಾಡಿಗೆ ಜೀಪಿನ ಚಾಲಕನ ಹೆಸರಾದ ಮೇಲೆ, ಇರುವೆಯಷ್ಟು ಅಕ್ಷರದಲ್ಲಿ: ಸಹಾಯ, ಮಿ. ಮತ್ತು ಮಿಸೆಸ್ ಸಿಕಂದರ. ಮುಮತಾಜ ಎಂಬ ಹೆಣ್ಣು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳು. ನೂರಾ ಹದಿನಾಲ್ಕನೆಯ ಸಾಲು ಗಂಟಲಲ್ಲಿ ಇಳಿಯಲಿಲ್ಲ.

ಆ ಸಾಲು ಬರುವ ದೃಶ್ಯ ಹೀಗಿತ್ತು. ಸುಗ್ಗಿಗೆ ಇನ್ನೂ ಒಂದು ತಿಂಗಳಿದೆ. ಗುರುಬಾಯಿ ಜೋಳದ ಗಡಿಗೆಯೊಳಗೆ ಮೊಳಕೈ ತನಕ ಕೈ ಇಳಿಸಿ, ತಳ ಕೆರೆದು, ಕೈ ಹೊರಗೆ ತೆಗೆಯುತ್ತಾಳೆ. ಸೀರೆಗೆ ಕೈ ಒರೆಸಿಕೊಂಡು, “ಜ್ವಾಳ ಹೆಚ್ಯಾವ,” ಎನ್ನುತ್ತಾಳೆ. ಮರುದಿನ ನೆರೆಮನೆಯ ಸಾವಂತ್ರವ್ವನ ಮುಂದೆ ಸೆರಗೊಡ್ಡುತ್ತಾಳೆ. ಸಾವಂತ್ರವ್ವ ಎರಡು ಸೇರು ಜೋಳ ಸುರಿಯುತ್ತಾಳೆ. ಜರ್ಮನಿಯ ಮಂದಿಗೆ ಗುರುಬಾಯಿಯ ಮಾತು ಪರದೆಯ ಕೆಳಗೆ ಬಿಳಿ ಅಕ್ಷರದಲ್ಲಿ ಹೀಗೆ ಕಾಣಿಸಿತ್ತು: ‘ನಮ್ಮಲ್ಲಿ ಜೋಳ ಹೆಚ್ಚಾಗಿದೆ.’ ಡೀಟರ್ ತಂದಿದ್ದ ಸಾಲುಗಳ ಪಟ್ಟಿಯಲ್ಲಿ ಅದರ ಅಂಕಿ ನೂರಾ ಹದಿನಾಲ್ಕು, ಜರ್ಮನ್ ಮಾತಿನ ಎದುರಿಗೆ ಇಂಗ್ಲಿಷೂ ಟೈಪಾಗಿತ್ತು.

ಅಲ್ಲಿ ಒಂದು ಸಭಾಂಗಣದಲ್ಲಿ ಚಿತ್ರ ತೋರಿಸಿದಾಗ ಬಂದ ಪತ್ರಿಕೆಯ ತುಂಡನ್ನು ಡೀಟರ್ ಹೆಮ್ಮೆಯಿಂದ ತಂದಿದ್ದ. ಅದನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳಿದ್ದ. ‘ಮನೆಯಲ್ಲಿ ಧಾನ್ಯ ಹೆಚ್ಚಾಗಿ ಬಿದ್ದಿದ್ದರೂ ನೆರೆಯವಳ ಮುಂದೆ ಸೆರಗೊಡ್ಡುವ ಈ ಚಾಲಾಕಿ ಮುದುಕಿಯನ್ನು ನೋಡಿ ಸಭಾಂಗಣ ನಕ್ಕಿತು.’

“ನಕ್ಕರು!” ಎಂದು ಈಗ ಮುಮತಾಜ ಕನ್ನಡಕ್ಕೇ ಇಳಿದು ಗಂಡನ ಕಡೆ ತಿರುಗಿದಳು. “ಆಕಿ ಹಸಕೊಂಡ ಕುಂತಾಳ, ಇವರು ನಕ್ಕಾರ. ಆಕೀನ ಕಳ್ಳಿ ಮಾಡ್ಯಾರ್ರೀ. ಎರಡ ಸೇರ ಜ್ವಾಳದ ಕಳ್ಳಿ!”

“ಕೋಳಿ ಕೇಳಿ ಮಸಾಲಿ ಅರೀತಾರೇನ,” ಎಂದ ಸಿಕಂದರ. ಅವನ ಸಿಟ್ಟು ಯಾವಾಗಲೂ ಗಾದೆಯಾಗಿ ಹೊರಬರುತ್ತಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ.

“ಗಡಿಗಿ ತಳಾ ಕೆರದ ಸಪ್ಪಳಾದ್ರೂ ಇಡಬೇಕಿತ್ತಿಲ್ಲೋ? ಅದನ್ನ ಹಿಡಿಯಾಕ ನಾ ಗಡಿಗ್ಯಾಗ ಮೈಕ ಇಳಿಬಿಟ್ಟಿದ್ದೆ. ಅದರ ಮ್ಯಾಲ ಸಿತಾರ ಬಡದಾರ. ನಮ್ಮ ಟಿಕೋಟಾದಾಗ ಯಾರ ಮನ್ಯಾಗ ಐತ್ರೀ ಸಿತಾರ?”

ಡೀಟರನಿಗೆ ಸಿತಾರ ಎಂಬ ಶಬ್ದ ತಿಳಿಯಿತು. ಅವನು ನಿಟ್ಟುಸಿರು ಬಿಟ್ಟು, ಚೀಲದಿಂದ ಒಂದು ಕಡತ ತೆಗೆದು, ಅದರೊಳಗಿನ ಒಂದು ಹಾಳೆಯನ್ನು ಮುಮತಾಜಳ ಮುಂದೆ ಇಟ್ಟ. ಗುರುಬಾಯಿಯ ಮಾತುಗಳನ್ನೆಲ್ಲ ಸಾಲುಸಾಲಾಗಿ ಬರೆದು, ಎದುರಿಗೆ ಇಂಗ್ಲಿಷು ಬರೆದ ಹಾಳೆ. ಅಕ್ಷರ ಮುಮತಾಜಳದೇ.

“ನೂರಾ ಹದಿನಾಲ್ಕು,” ಎಂದು ಅವನು ಬೆರಳಿಟ್ಟು ತೋರಿಸಿದ. “ಹೆಚ್ಚಾಗಿದೆ ಎಂದು ಬರೆದವರು ನೀವು. ನಾನು ಒಂದು ಅಕ್ಷರವನ್ನೂ ಬದಲಿಸಿಲ್ಲ.”

ಮುಮತಾಜಳ ಕಿವಿ ಬಿಸಿಯಾದವು. ಹಾಳೆಯನ್ನು ನೋಡಿದಳು, ಇನ್ನೊಮ್ಮೆ ನೋಡಿದಳು. ತಾನೇ ಬರೆದದ್ದು.

ಬರೆದದ್ದು ನೆನಪಾಯಿತು. ಈ ಸಾಲಿಗೆ ಬಂದಾಗ ಅವಳು ಪೆನ್ನು ತಡೆದಿದ್ದಳು. ಬಬಲೇಶ್ವರದ ಅವಳ ತವರಿನಲ್ಲಿ ತಾಯಿ ಮಾಬುಬಿ ಮಕ್ಕಳಿಗೆ ಮೊದಲು ಕಲಿಸಿದ ರೀತಿಗಳಲ್ಲಿ ಇದೂ ಒಂದು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತವೆ. ಎಣ್ಣೆ ತೀರುವುದಿಲ್ಲ, ಹೆಚ್ಚುತ್ತದೆ. ಜೋಳ ಎಂದೂ ಮುಗಿಯುವುದಿಲ್ಲ. ಮುಗಿದರೂ ಮುಗಿಯುವುದಿಲ್ಲ, ಹೆಚ್ಚುತ್ತವೆ. ಕೇಡಿನ ಮಾತನ್ನು ಕಾಳಿನ ಮುಂದೆ ಆಡಿದರೆ ಕಾಳು ಕೇಳಿಸಿಕೊಳ್ಳುತ್ತದೆ, ಮತ್ತೆ ಆ ಮನೆಗೆ ಬರುವುದಿಲ್ಲ. ಏಳು ವರ್ಷದವಳಿದ್ದಾಗ ಮುಮತಾಜ ಒಮ್ಮೆ “ಅವ್ವಾ, ಜ್ವಾಳ ಮುಗದಾವ,” ಎಂದು ಕೂಗಿ ತುಟಿಯ ಮೇಲೆ ಏಟು ತಿಂದಿದ್ದಳು. ಆಮೇಲೆ ಬಿ.ಎ. ಓದಿದಳು, ಇಂಗ್ಲಿಷು ಕಲಿತಳು, ಆ ಏಟು ಮಾತ್ರ ತುಟಿಯ ಮೇಲೇ ಉಳಿಯಿತು. ಉಣಿಸಿದ ಮನೆಯ ಗಡಿಗೆಯ ಬಗ್ಗೆ, ಅದೂ ಅಳಿಸಲಾಗದ ಶಾಯಿಯಲ್ಲಿ, ‘ಮುಗಿದಿದೆ’ ಎಂದು ಹೇಗೆ ಬರೆಯುವುದು? ಗುರುಬಾಯಿ ಅಂದಷ್ಟನ್ನೇ ಬರೆದಳು. ಹೇಗೂ ಕಚ್ಚಾ ಪ್ರತಿ ನೋಡುವಾಗ ಮೂವರೂ ಒಂದೇ ಮೇಜಿಗೆ ಕೂಡುತ್ತೇವಲ್ಲ, ಆಗ ಬಿಡಿಸಿ ಹೇಳಿದರಾಯಿತು ಎಂದುಕೊಂಡಳು.

ಆ ಮೇಜು ಬರಲೇ ಇಲ್ಲ.

ಇದನ್ನೆಲ್ಲ ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ತನಗೇ ಅದು ನೆಪದಂತೆ ಕೇಳತೊಡಗಿತು. ಡೀಟರ್ ತಾಳ್ಮೆಯಿಂದ ಕೇಳಿದ. ಆ ತಾಳ್ಮೆಯೇ ಅವಳನ್ನು ಹೆಚ್ಚು ಉರಿಸಿತು.

“ಮುಮತಾಜ, ಒಂದು ಶಬ್ದಕ್ಕೆ ಅದರದೇ ಅರ್ಥವೂ ಅದರ ವಿರುದ್ಧದ ಅರ್ಥವೂ ಹೇಗಿರಲು ಸಾಧ್ಯ? ಹೆಸರಿನ ವಿಷಯಕ್ಕೆ ನಿಮಗೆ ನೋವಾಯಿತು. ಅದಕ್ಕೇ ಈಗ ಸಾಲು ತಪ್ಪು ಎನ್ನುತ್ತಿದ್ದೀರಿ. ನನಗೆ ಅರ್ಥವಾಗುತ್ತದೆ.”

“ನಿಮಗೆ ಅರ್ಥವಾಗಿಲ್ಲ!” ಎಂದಳು ಮುಮತಾಜ. ದನಿ ಏರಿತು. “ಹೆಸರು ಬೇಡ ನನಗೆ. ಇಟ್ಟುಕೊಳ್ಳಿ. ಆ ಸಾಲು ತಿದ್ದಿ.”

ತಿದ್ದುವುದಕ್ಕೆ ಉಳಿದದ್ದು ಒಂದೇ ದಿನ. ಶಾಲೆಗಳಿಗೆ ತೋರಿಸಲು ಚಿತ್ರದ ಇಪ್ಪತ್ತೈದು ಪ್ರತಿ ತೆಗೆಯುವ ಕೆಲಸ ಜರ್ಮನಿಯಲ್ಲಿ ಮರುದಿನವೇ ಶುರುವಾಗುವುದಿತ್ತು. ಒಮ್ಮೆ ತೆಗೆದರೆ ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತೈದು ಊರಿನ ಮಕ್ಕಳು ಗುರುಬಾಯಿಯನ್ನು ನೋಡಿ ನಗುತ್ತಾರೆ.

ಡೀಟರ್ ಕನ್ನಡಕ ತೆಗೆದು ಒರೆಸಿಕೊಂಡ. “ಹೇಗೂ ಇವತ್ತು ಚಿತ್ರ ತೋರಿಸಲು ಅವಳ ಮನೆಗೆ ಹೋಗುವವರಿದ್ದೇವೆ. ನಾನೇ ಅವಳನ್ನು ಕೇಳುತ್ತೇನೆ. ಅಂದು ಜೋಳ ಇರಲಿಲ್ಲ ಎಂದು ಅವಳ ಬಾಯಿಂದ ಬಂದರೆ ಸಂಜೆಯೇ ತಂತಿ ಕಳಿಸುತ್ತೇನೆ.”

“ಟಿಕೋಟಾ ಬಸ್ಸ ಹನ್ನೊಂದಕ್ಕೈತಿ,” ಎಂದು ಸಿಕಂದರ ಎದ್ದು ಪ್ರೊಜೆಕ್ಟರಿನ ಪೆಟ್ಟಿಗೆ ಮುಚ್ಚಿದ.

ಮಾರ್ಚ್ ತಿಂಗಳ ಬಿಸಿಲು. ಬಸ್ಸಿನ ಮೇಲೆ ಪೆಟ್ಟಿಗೆ ಏರಿಸಲು ಕಂಡಕ್ಟರ್ ಒಪ್ಪಲಿಲ್ಲ, ಒಳಗೆ ಇಡಲೂ ಒಪ್ಪಲಿಲ್ಲ. ಕೊನೆಗೆ ಸಿಕಂದರ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ಹೊಲಗಳಲ್ಲಿ ಜೋಳ ಕೊಯ್ದ ಕೂಳೆ ಕಾಣುತ್ತಿತ್ತು. ಮುಮತಾಜ ಕಿಟಕಿಗೆ ತಲೆಯಾನಿಸಿ, ಗುರುಬಾಯಿಯ ಬಾಯಿಂದ ಆ ಒಂದು ಮಾತನ್ನು ಹೇಗೆ ಹೊರಡಿಸುವುದೆಂದು ಲೆಕ್ಕ ಹಾಕುತ್ತಿದ್ದಳು. ಅರ್ಧ ದಾರಿಗೇ ಅವಳಿಗೆ ಉತ್ತರ ಗೊತ್ತಾಗಿತ್ತು, ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ.

ಗುರುಬಾಯಿಯದು ಹಳೆಯ ಮಾಳಿಗೆ ಮನೆ. ಎರಡು ಮೊಳ ದಪ್ಪದ ಗೋಡೆ, ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ. ಅರವತ್ತು ದಾಟಿದ ಗುರುಬಾಯಿ ಹೊಸ್ತಿಲಲ್ಲೇ ನಿಂತಿದ್ದಳು. ಮುಮತಾಜಳ ಗಲ್ಲ ಸವರಿ ಲಟಿಕೆ ಮುರಿದಳು.

“ಎಷ್ಟ ಸೊರಗೀದಿ ಬೇ! ಎರಡ ವರ್ಷ ಆತು, ಈ ಕಡೆ ಮುಖಾ ಹಾಕಿಲ್ಲ. ಬರ್ರಿ ಸಾಹೇಬ್ರ, ಒಳಗ ಬರ್ರಿ.”

“ಆರಾಮ ಅದೀರಿ, ಆಯಿ?” ಎಂದ ಡೀಟರ್. ಸಾವಂತ್ರವ್ವ ಮತ್ತು ಓಣಿಯ ಏಳೆಂಟು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಬಿಳಿಯ ಮನುಷ್ಯನ ಬಾಯಲ್ಲಿ ತಮ್ಮ ಮಾತು ಕೇಳಿ ಅವರಿಗೆ ಖುಷಿಯೋ ಖುಷಿ.

ಸಿಕಂದರ ಪಕ್ಕದ ಹಿಟ್ಟಿನ ಗಿರಣಿಯಿಂದ ವಾಯರ್ ಎಳೆಯಲು ಹೋದ. ಡೀಟರ್ ಜೋಳದ ಗಡಿಗೆಗಳ ಸಾಲಿನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತ. ಎರಡು ವರ್ಷದ ಹಿಂದಿನ ಅದೇ ಗಡಿಗೆ, ಈಗ ಹೊಸ ಜೋಳ ತುಂಬಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡಿತ್ತು. ಅವನು ಅದನ್ನು ಮುಟ್ಟಿ ತೋರಿಸಿ, ಒಂದೊಂದೇ ಶಬ್ದ ಹುಡುಕಿ ಕೇಳಿದ.

“ಆಯಿ. ಆ ದಿನ. ಸಿನಿಮಾ ದಿನ. ಇದರಾಗ ಜ್ವಾಳ ಇತ್ತು? ಇಲ್ಲ?”

ಗುರುಬಾಯಿ ಮುಮತಾಜಳ ಮುಖ ನೋಡಿದಳು. ಇದೆಂಥ ಪ್ರಶ್ನೆ ಎಂಬಂತೆ. “ಹೆಚ್ಚಿದ್ವಲ್ರಿ,” ಎಂದಳು.

“ಇಲ್ಲ?”

“ಹೆಚ್ಚಿದ್ವು ಅಂದೆ. ನೀವೂ ಇದ್ರಲ್ರಿ ಬಾಗಲಾಗ. ಮರದಿನಾ ಸಾವಂತ್ರಿ ಎರಡ ಸೇರ ಕೊಟ್ಲು, ಸುಗ್ಯಾಗ ತಿರುಗಿ ಕೊಟ್ಟೇನಿ. ಹೌದಿಲ್ಲೇನ ಸಾವಂತ್ರಿ?”

“ಹೌದ್ಹೌದು. ಹೆಚ್ಚಿದ್ವು ಆಗ, ಎಲ್ಲಾರ ಮನ್ಯಾಗೂ ಹೆಚ್ಚಿದ್ವು,” ಎಂದು ಸಾವಂತ್ರವ್ವ ಸಾಕ್ಷಿ ನುಡಿದಳು.

ಡೀಟರ್ ಮುಮತಾಜಳ ಕಡೆ ನೋಡಿದ. ಅವಳು ಗುರುಬಾಯಿಯ ಎದುರು ಮೊಣಕಾಲೂರಿ ಕೂತಳು.

“ಆಯಿ, ನಿಮ್ಮ ಕಾಲಿಗೆ ಬೀಳ್ತೀನಿ. ಹೆಚ್ಚಿದ್ವು ಅಂದ್ರ ಇವರಿಗೆ ತಿಳಿಯೂದಿಲ್ಲ. ಇನ್ನೊಂದ ಮಾತ ಐತೆಲ್ರಿ, ಅದನ್ನ ಒಂದ ಸಲ ಅನ್ರಿ. ಒಂದ ಸಲ.”

“ಏ ಹುಚ್ಚಿ!” ಗುರುಬಾಯಿ ಹಿಂದೆ ಸರಿದಳು. ಕೈ ತಾನಾಗಿ ಗಡಿಗೆಯ ಬಾಯಿಯ ಮೇಲೆ ಹೋಯಿತು, ಕೂಸಿನ ಕಿವಿ ಮುಚ್ಚಿದ ಹಾಗೆ. “ತುಂಬಿದ ಗಡಿಗಿ ಮುಂದ ಕುಂಡ್ರಿಸಿ ಅದನ್ನ ಅನಸ್ತೀಯೇನ ಬೇ? ನಿಮ್ಮವ್ವ ನಿನಗ ಕಲಿಸಿಲ್ಲೇನ?”

“ಕಲಿಸ್ಯಾಳ್ರಿ. ಅದಕ್ಕ ಈ ಗತಿ ಬಂದೈತಿ,” ಎಂದಳು ಮುಮತಾಜ.

“ಹಂಗಾರ ಹೊರಗರ ಬರ್ರಿ,” ಎಂದು ಮತ್ತೆ ಅವಳೇ ಗುರುಬಾಯಿಯ ಕೈ ಹಿಡಿದಳು. “ಅಂಗಳದಾಗ ಬಂದ ಅನ್ರಿ. ಅಲ್ಲಿ ಗಡಿಗಿ ಇಲ್ಲಲ್ಲ.”

“ಅಂಗಳದಾಗಿನ ಮಾತ ಒಳಗ ಕೇಳೂದಿಲ್ಲೇನ? ಬ್ಯಾಡ ಯವ್ವಾ. ನೀ ಏನರ ಕೇಳ, ಕೊಡ್ತೀನಿ. ಇದೊಂದ ಕೇಳಬ್ಯಾಡ.”

ಮುಮತಾಜ ಕೈ ಬಿಟ್ಟಳು. ಅಳು ಬರುವಷ್ಟು ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಡೀಟರನ ಮೇಲೆ, ಮುಂಬಯಿಯ ಗುಮಾಸ್ತನ ಮೇಲೆ, ಗಡಿಗೆಗೆ ಕಿವಿಯಿದೆ ಎಂದು ನಂಬಿದ ಈ ಮುದುಕಿಯ ಮೇಲೆ, ಏಳು ವರ್ಷದ ಮಗುವಿನ ತುಟಿಗೆ ಹೊಡೆದ ತಾಯಿಯ ಮೇಲೆ. ಅಷ್ಟಾಗಿ, ಆ ಮಾತನ್ನು ಗಡಿಗೆಯ ಮುಂದೆ ಆಡೆಂದರೆ ತಾನು ಆಡುತ್ತೇನೆಯೇ? ಮನಸ್ಸಿನಲ್ಲೇ ಒಮ್ಮೆ ಆಡಿ ನೋಡಿದಳು. ತುಟಿ ಚುರ್ ಎಂದಿತು.

“ನಾನೇ ಕೇಳಿದೆ,” ಎಂದು ಡೀಟರ್ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. “ಮತ್ತೆ ಮತ್ತೆ ಹೆಚ್ಚು ಎಂದೇ ಹೇಳಿದಳು. ಆ ಶಬ್ದ ನನಗೂ ಗೊತ್ತು, ಮುಮತಾಜ. ನನ್ನನ್ನು ಕ್ಷಮಿಸಿ.”

ವಾಯರ್ ಎಳೆದುಕೊಂಡು ಒಳಗೆ ಬಂದ ಸಿಕಂದರ ಹೆಂಡತಿಯ ಮುಖ ನೋಡಿದ. ಪ್ಲಗ್ಗನ್ನು ಬೇಕಾದದ್ದಕ್ಕಿಂತ ಜೋರಾಗಿ ಚುಚ್ಚಿದ.

ಚಿತ್ರ ತೋರಿಸಬೇಕಲ್ಲ. ಸಾವಂತ್ರವ್ವ ಮಾಳಿಗೆ ಹತ್ತಿ ಬೆಳಕಿಂಡಿಗೆ ಗೋಣಿಚೀಲ ಮುಚ್ಚಿದಳು, ಬಾಗಿಲು ಹಾಕಿದರು. ಉರಿಬಿಸಿಲಿನ ಮಧ್ಯಾಹ್ನ ಒಳಗೆ ಕಾರಿರುಳಾಯಿತು. ರೀಲು ಪೋಣಿಸಲು ಡೀಟರನಿಗೆ ಕಾಣಲೆಂದು ಗುರುಬಾಯಿ ಕಂದೀಲು ಹಚ್ಚಿ ಅವನ ಪಕ್ಕದ ಗೂಡಿನಲ್ಲಿ ಇಟ್ಟಳು. ಹೆಂಗಸರು ಸುಣ್ಣ ಬಳಿದ ಗೋಡೆಯ ಕಡೆ ಮುಖ ಮಾಡಿ ಒತ್ತೊತ್ತಾಗಿ ಕೂತರು. ಮುಮತಾಜ ಗುರುಬಾಯಿಯ ಪಕ್ಕದಲ್ಲಿ ಕೂತಳು.

ಡೀಟರ್ ರೀಲು ಪೋಣಿಸಿ ಮುಗಿಸಿದ್ದನ್ನು ಗುರುಬಾಯಿ ನೋಡಿದಳು.

“ಆತಲ್ರಿ? ಹಂಗಾರ ದೀಪಾ ದೊಡ್ಡದ ಮಾಡ್ರಿ, ಸಾಹೇಬ್ರ.”

ದೀಪ, ದೊಡ್ಡದು, ಮಾಡು. ಮೂರೂ ಡೀಟರನಿಗೆ ಗೊತ್ತಿದ್ದ ಶಬ್ದಗಳೇ. ಯಾರ ಸಹಾಯವೂ ಇಲ್ಲದೆ ಒಂದಿಡೀ ವಾಕ್ಯ ತಿಳಿದ ಸಂತೋಷದಲ್ಲಿ ಅವನು ಕಂದೀಲಿನ ಕಿವಿ ತಿರುವಿ ಬತ್ತಿ ಏರಿಸಿದ. ಕೋಣೆ ಬೆಳಗಿತು.

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬನಿಗೆ ಕೇಳಿಸಲಿಲ್ಲವೆಂದು ತಿಳಿದು ಗುರುಬಾಯಿ ದನಿ ಏರಿಸಿದಳು. “ದೊಡ್ಡದ ಮಾಡ್ರೀ, ದೊಡ್ಡದ!”

ಡೀಟರ್ ಇನ್ನಷ್ಟು ತಿರುವಿದ. ಬತ್ತಿ ಭಗ್ ಎಂದಿತು, ಗಾಜು ಕರ್ರಗಾಯಿತು, ಹೊಗೆ ಎದ್ದು ಕಮಟು ವಾಸನೆ ಹರಡಿತು. ಅವನು ಗಾಬರಿಯಿಂದ ಗಾಜು ಮುಟ್ಟಿ ಕೈ ಸುಟ್ಟುಕೊಂಡ.

“ಯವ್ವ, ಮನೀ ಸುಡ್ತಾನಿಂವ!” ಎಂದು ಸಾವಂತ್ರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಿಕಂದರ ಕೂಡ ಬೇರೆ ಕಡೆ ತಿರುಗಿ ನಕ್ಕ. ಮುಮತಾಜ ಮಾತ್ರ ನಗಲಿಲ್ಲ. ಅವಳು ಡೀಟರನನ್ನೇ ನೋಡುತ್ತಿದ್ದಳು.

ಗುರುಬಾಯಿ ಮೊಣಕಾಲು ಹಿಡಿದುಕೊಂಡು ಎದ್ದಳು. ಗೂಡಿನ ಹತ್ತಿರ ಹೋಗಿ, ಬತ್ತಿ ಇಳಿಸಿ, ಗಾಜಿನ ಮೇಲಿನಿಂದ ಉಫ್ ಎಂದು ಊದಿದಳು. ಕತ್ತಲೆ.

“ನೋಡ್ರಿ, ದೊಡ್ಡದ ಆತು,” ಎಂದಳು ಕತ್ತಲೆಯೊಳಗಿನಿಂದ, ದಡ್ಡ ಮೊಮ್ಮಗನಿಗೆ ಹೇಳುವಂತೆ.

ನಗು ಇಳಿಯಿತು. ಹೆಂಗಸರು ಗೋಡೆ ನೋಡುತ್ತ ಕಾದರು. ಯಂತ್ರ ಶುರುವಾಗಲಿಲ್ಲ. ಕರೆಂಟು ಹೋಯಿತೇ ಎಂದು ಸಿಕಂದರ ಕೇಳಿದ. “ದೊಡ್ಡದ… ಆತು,” ಎಂದು ಡೀಟರ್ ಕತ್ತಲೆಯಲ್ಲಿ ತನಗೇ ಹೇಳಿಕೊಂಡ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಗುಂಡಿ ಒತ್ತಿದ ಸದ್ದು ಕೇಳಿತು, ರೀಲು ಕಟಕಟ ತಿರುಗಿತು, ಗೋಡೆಯ ತುಂಬ ದೊಡ್ಡ ಬಿಳಿ ಅಕ್ಷರಗಳು ಮೂಡಿದವು.

ಗುರುಬಾಯಿಗೆ ಓದು ಬರುತ್ತಿರಲಿಲ್ಲ. ಆದರೆ ಹೆಸರು ಎಂದರೆ ಹೇಗಿರುತ್ತದೆ ಎಂದು ಗೊತ್ತಿತ್ತು.

“ಇದ ಯಾರ ಹೆಸರ ಬೇ?”

“ಸಾಹೇಬ್ರದ್ರಿ.”

“ನಿಂದ ಯಾವುದು?”

ಮುಮತಾಜ ಗೋಡೆಯನ್ನೇ ನೋಡುತ್ತಿದ್ದಳು. “ನಂದ ಹೆಚ್ಚೈತ್ರಿ, ಆಯಿ,” ಎಂದಳು.

ಗುರುಬಾಯಿಯ ಒರಟು ಅಂಗೈ ಕತ್ತಲೆಯಲ್ಲಿ ತಡಕಾಡಿ ಮುಮತಾಜಳ ಕೈಯನ್ನು ಹಿಡಿದುಕೊಂಡಿತು. ಹಿಂದುಗಡೆ ರೀಲು ತಿರುಗುತ್ತಲೇ ಇತ್ತು. ಡೀಟರ್ ಗೋಡೆಯ ಕಡೆ ನೋಡುತ್ತಿರಲಿಲ್ಲ. ಕಂದೀಲಿನ ಮಸಿ ಹತ್ತಿದ ಬೆರಳುಗಳನ್ನು ಯಂತ್ರದ ಸಂದಿಯಿಂದ ಬರುವ ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದ.